ಎರಡು ಸುತ್ತಿನ ಕುಣಿಕೆ

ಹಡಗಿನಲ್ಲಿ ಅವನನ್ನು ಎಲ್ಲರೂ ಗಂಟುರಾಯ ಎಂದೇ ಕರೆಯುತ್ತಿದ್ದರು. ಹಗ್ಗದ ಕೆಲಸದಲ್ಲಿ ಮೂವತ್ತು ವರ್ಷ ಸವೆಸಿದ ಆಸಾಮಿ. ಮೋರೆಯನ್ನೂ ಸದಾ ಗಂಟು ಹಾಕಿಕೊಂಡೇ ಇರುತ್ತಿದ್ದುದರಿಂದ ಹೆಸರು ಎರಡು ಕಡೆಯಿಂದಲೂ ಒಪ್ಪುತ್ತಿತ್ತು. ಆದರೆ ಮಧ್ಯಾಹ್ನ ಮೂರಕ್ಕೆ, ಮೇಲಿನ ಡೆಕ್ಕಿನಲ್ಲಿ ಪ್ರಯಾಣಿಕರಿಗೆ ಹಗ್ಗದ ಕಸುಬು ಹೇಳಿಕೊಡುವ ಮುಕ್ಕಾಲು ಗಂಟೆ ಮಾತ್ರ ಆ ಮೋರೆ ಅರಳುತ್ತಿತ್ತು. ಉಗುರುಬಣ್ಣ ಕೆಡುತ್ತದೆಂದು ಹೆದರುವವರು, ಕನ್ನಡಕ ಮರೆತು ಬಂದವರು, ಹೆಂಡತಿಯ ಕಾಟಕ್ಕೆ ಕೂತವರು, ಯಾರೇ ಆಗಲಿ, ಅವರ ಕೈಯಲ್ಲಿ ಏನಾದರೊಂದು ಮಾಡಿಸಿ ಕಳಿಸುವುದೆಂದರೆ ಅವನಿಗೆ ಎಲ್ಲಿಲ್ಲದ ಖುಷಿ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತರಗತಿ ತಪ್ಪಿಸಿದವನಲ್ಲ.

ಮಾಡಿಸುತ್ತಿದ್ದುದು ಕುಣಿಕೆ. ಹಗ್ಗದ ತುದಿಯ ಮೂರು ಎಳೆ ಬಿಡಿಸಿ, ಹಿಂದಕ್ಕೆ ಬಾಗಿಸಿ, ಆ ಎಳೆಗಳನ್ನು ಹಗ್ಗದೊಳಗೇ ಹೆಣೆಯಬೇಕು. ಭಾರ ಹೊರುವ ಕುಣಿಕೆಗೆ ಐದು ಸುತ್ತು ಹೆಣಿಗೆ ಬೇಕು. ಪ್ರಯಾಣಿಕರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮೂರನೆಯ ಸುತ್ತಿಗೇ ಚಹಾದ ಗಂಟೆ ಹೊಡೆದುಬಿಡುತ್ತಿತ್ತು. ಹಾಗಾಗಿ ಅವನು ಎರಡೇ ಸುತ್ತಿಗೆ ನಿಲ್ಲಿಸಿ, ಮೇಲೆ ಬಣ್ಣದ ದಾರ ಸುತ್ತಿಸಿಬಿಡುತ್ತಿದ್ದ. ದಾರ ಸುತ್ತಿದ ಮೇಲೆ ಒಳಗೆ ಎರಡಿದೆಯೋ ಐದಿದೆಯೋ ಯಾರಿಗೂ ಕಾಣದು. ಬೀಗದ ಕೈ ನೇತುಹಾಕಲು ಇಷ್ಟು ಸಾಕಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಅದರದ್ದೇ ಚಿತ್ರ ಬರೆದು, ಹಾಳೆ ಅಚ್ಚು ಹಾಕಿಸಿ ಹಂಚುತ್ತಿದ್ದ. ಹೊತ್ತು ಹೋಗಲಿ ಎಂದು ಮನೆಯಲ್ಲಿದ್ದ ಹೆಂಡತಿಗೂ ಒಂದು ಹಾಳೆ ಅಂಚೆಯಲ್ಲಿ ಕಳಿಸಿದ್ದ.

ಈ ಸಲ ರಜೆಗೆ ಬಂದವನು ಬಾಗಿಲಲ್ಲಿ ಇನ್ನೂ ಬೂಟು ಬಿಚ್ಚುತ್ತಿದ್ದಾಗಲೇ ಹೆಂಡತಿ ತುಟಿಯ ಮೇಲೆ ಬೆರಳಿಟ್ಟು ನಡುಮನೆಯತ್ತ ಕಣ್ಣು ತೋರಿಸಿದಳು. ಅಲ್ಲಿ ತೂಗುತೊಟ್ಟಿಲು, ಅದರಲ್ಲಿ ಮಗಳ ಎರಡು ತಿಂಗಳ ಕೂಸು. ಅವನು ಇನ್ನೂ ಕಣ್ಣಾರೆ ಕಾಣದಿದ್ದ ಮೊಮ್ಮಗಳು. ತೊಟ್ಟಿಲಿನ ನಾಲ್ಕು ಹಗ್ಗ ತೊಲೆಯ ಕೊಕ್ಕೆಗೆ ಹೋಗಿದ್ದವು. ತುದಿಯಲ್ಲಿ ನಾಲ್ಕು ಕುಣಿಕೆ, ಅವುಗಳ ಮೇಲೆ ಒಪ್ಪವಾಗಿ ಸುತ್ತಿದ ಕೆಂಪು ದಾರ.

"ನಾನೇ ಮಾಡಿದ್ದು," ಅಂದಳು ಹೆಂಡತಿ ಪಿಸುದನಿಯಲ್ಲಿ. "ನಿಮ್ಮ ಹಾಳೆ ನೋಡ್ಕೊಂಡು. ಬೀದೀಲಿ ಹದಿನೆಂಟು ಜನಕ್ಕೆ ಹೇಳಿಕೊಟ್ಟಿದ್ದೀನಿ, ಗೊತ್ತಾ?"

ಹೆಗಲ ಚೀಲ ಎಲ್ಲಿ ಬಿತ್ತೋ ಅವನಿಗೇ ತಿಳಿಯಲಿಲ್ಲ. ಒಂದು ಕಾಲಲ್ಲಿ ಬೂಟು ಇದ್ದಂತೆಯೇ ಓಡಿ ಮಗುವನ್ನು ಬಾಚಿ ಎತ್ತಿಕೊಂಡ. ಮಗು ಮನೆ ಹಾರಿಹೋಗುವಂತೆ ಕಿರುಚಿತು, ಅಡುಗೆಮನೆಯಿಂದ ಮಗಳು ಓಡಿಬಂದಳು. ಕೂಸನ್ನು ಅವಳ ಕೈಗಿಟ್ಟು, ಸ್ಟೂಲು ಹತ್ತಿ, ಚಾಕುವಿನಿಂದ ಮೊದಲ ಕುಣಿಕೆಯ ದಾರ ಕತ್ತರಿಸಿದ.

ಒಂದು ಸುತ್ತು. ಎರಡು. ಮೂರನೆಯದೂ ಇತ್ತು. ನಾಲ್ಕು. ಐದು. ಕಣ್ಣು ನಂಬದೆ ಬೆರಳಲ್ಲಿ ಮುಟ್ಟಿ ಮತ್ತೆ ಎಣಿಸಿದ. ಉಳಿದ ಮೂರನ್ನೂ ಕತ್ತರಿಸಿ ನೋಡಿದ. ಅವೂ ಐದೈದು.

"ಅಪ್ಪ, ತಲೆ ಕೆಟ್ಟಿದೆಯಾ ನಿಂಗೆ?" ಅಂದಳು ಮಗಳು.

ಅವನು ಇಳಿದು ಅದೇ ಸ್ಟೂಲಿನ ಮೇಲೆ ಕುಸಿದ. "ಹಾಳೇಲಿ ಎರಡೇ ಸುತ್ತು ಅಲ್ವಾ ಇದ್ದದ್ದು?" ಎಂದು ಹೆಂಡತಿಯನ್ನು ಕೇಳಿದ.

"ಎರಡೇ. ಅದನ್ನ ನಂಬಿ ಹೂಕುಂಡ ತೂಗುಹಾಕಿದ್ದೆ. ಮೂರನೇ ದಿನಕ್ಕೆ ಜಾರಿ ಕಾಲ ಮೇಲೇ ಬಿತ್ತು, ಹೆಬ್ಬೆರಳಿನ ಉಗುರು ಹೋಯ್ತು. ಆಮೇಲೆ ಒಂದೊಂದೇ ಸುತ್ತು ಜಾಸ್ತಿ ಮಾಡ್ತಾ ಹೋದೆ, ಐದಕ್ಕೆ ನಿಂತಿತು. ನಿಮಗೂ ವಯಸ್ಸಾಯ್ತು, ಮರೆತಿರ್ತೀರಿ ಅಂದ್ಕೊಂಡೆ. ಫೋನಲ್ಲಿ ಹೇಳಿದ್ರೆ ಮೋರೆ ಊದಿಸ್ಕೋತೀರಿ ಅಂತ ಸುಮ್ಮನಾದೆ. ಬೀದಿಯವರಿಗೆಲ್ಲ ಐದೇ ಹೇಳಿಕೊಟ್ಟಿರೋದು."

ಹೋದ ಜೀವ ಬಂದಂತಾಗಿ ಅವನು ನಕ್ಕೇಬಿಟ್ಟ. ಹೆಂಡತಿ ನಗಲಿಲ್ಲ. ಅವನು ಓಡಿದ ಪರಿ ನೋಡಿದವಳಿಗೆ ಅದು ಮರೆವಲ್ಲ ಎಂದು ಅರ್ಥವಾಗಿಹೋಗಿತ್ತು.

"ಹಡಗಿನವರಿಗೂ ಎರಡೇನಾ?" ಅಂದಳು.

ಅವನ ನಗು ಅಲ್ಲಿಗೇ ನಿಂತಿತು. ಹೋದ ವಾರ ಹಳದಿ ದಾರ ಆರಿಸಿಕೊಂಡ ಹೆಂಗಸೊಬ್ಬಳಿದ್ದಳು, ಆರು ತಿಂಗಳ ಬಸುರಿ. ಎಲ್ಲರೂ ಚಹಾಕ್ಕೆ ಎದ್ದು ಹೋದ ಮೇಲೂ ಉಳಿದು, "ಮನೇಲಿ ದಪ್ಪ ಹಗ್ಗದಲ್ಲೂ ಇದೇ ತರ ಮಾಡಬಹುದಲ್ವಾ?" ಎಂದು ಕೇಳಿದ್ದಳು. ಅವಳ ಶ್ರದ್ಧೆಗೆ ಹಿಗ್ಗಿಹೋಗಿ, "ಧಾರಾಳವಾಗಿ ಮಾಡಿ," ಅಂದು ಒಂದು ಹಾಳೆ ಹೆಚ್ಚಿಗೇ ಕೊಟ್ಟಿದ್ದ. ಯಾತಕ್ಕಮ್ಮ ಎಂದು ಒಂದು ಮಾತು ಕೇಳಿರಲಿಲ್ಲ.

ಅವನು ಫೋನು ತೆಗೆದು ನಂಬರು ಒತ್ತಿದ. ಹಡಗಿನ ಕಚೇರಿಯ ಗುಮಾಸ್ತೆ ಎತ್ತಿಕೊಂಡಳು. ತನ್ನ ತರಗತಿಗೆ ಬಂದ ಪ್ರಯಾಣಿಕರ ವಿಳಾಸ ಬೇಕು, ಜೀವದ ಪ್ರಶ್ನೆ, ಅಂದ.

"ಕೊಡೋಣ. ಯಾವ ಪ್ರಯಾಣದ್ದು?"

ಅವನು ತೊಟ್ಟಿಲ ಕೆಳಗೆ ಚೆಲ್ಲಿದ್ದ ಕೆಂಪು ದಾರದ ಚೂರುಗಳನ್ನು ನೋಡಿದ.

"ಹನ್ನೊಂದು ವರ್ಷದ್ದು," ಅಂದ. "ಹೋದ ವಾರದ್ದರಿಂದ ಶುರು ಮಾಡಿ."