ತಂಡೇಕಾಳ ಮೊದಲ ಮತ

"ನಾವಿರುವುದೇ ಪರದೇಶದಲ್ಲಿ. ಇಲ್ಲಿ ಇನ್ನೊಂದು ದೇಶದ ರಾಜಕೀಯ ನಿನಗೆ ಎಂತಕ್ಕೆ ಮಾರಾಯ್ತಿ? ವೀಸಾ ಕ್ಯಾನ್ಸಲ್ ಆದ್ರೆ ಎಲ್ಲ ಖಲಾಸ್!" ಗಂಡ ಆಸ್ವಾಲ್ಡ್ ಹೇಳಿದ ಮಾತು ಅಬುಧಾಬಿ ತಲುಪುವವರೆಗೂ ಸುಸನ್‌ಳ ಕಿವಿಯಲ್ಲೇ ಇತ್ತು.

ದುಬೈಯ ಆಸ್ಪತ್ರೆಯೊಂದರ ರಿಸೆಪ್ಶನ್‌ನಲ್ಲಿ ಅವಳಿಗೆ ಕೆಲಸ. ಕಾರಿನಲ್ಲಿ ಪಕ್ಕ ಕೂತಿದ್ದ ತಂಡೇಕಾ ಅಲ್ಲಿಯದೇ ನರ್ಸ್, ದಕ್ಷಿಣ ಆಫ್ರಿಕಾದವಳು. 2014ರ ಏಪ್ರಿಲ್ ಕೊನೆ. ಹೊರದೇಶಗಳಲ್ಲಿದ್ದ ಆ ನಾಡಿನವರು ತಮ್ಮ ರಾಯಭಾರ ಕಚೇರಿಗೆ ಹೋಗಿ ಮತ ಹಾಕುವ ದಿನ. "ಒಬ್ಬಳೇ ಹೊರಟರೆ ಅರ್ಧ ದಾರಿಯಿಂದ ವಾಪಸ್ ಬಂದುಬಿಡುತ್ತೇನೆ" ಎಂದು ತಂಡೇಕಾ ಕೈ ಹಿಡಿದು ಕೇಳಿದ್ದಳು. ಸುಸನ್‌ಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಗೇಟಿನೆದುರು ಬಿಸಿಲಲ್ಲಿ ಉದ್ದದ ಸಾಲು. ಕರಿಯರು, ಬಿಳಿಯರು, ಇಂಡಿಯಾದ ಮುಖದವರು. ಪಕ್ಕದಲ್ಲೊಂದು ಪೊಲೀಸ್ ಕಾರು. ಅದನ್ನು ಕಂಡದ್ದೇ ತಂಡೇಕಾ ಸೀಟು ಬಿಟ್ಟೇಳಲಿಲ್ಲ.

"ನನಗಾಗ ಎಂಟು ವರ್ಷ. ಅಪ್ಪನ ಕೈ ಹಿಡಿದು ಬಸ್ಸಿಗೆ ಸಾಲಿನಲ್ಲಿ ನಿಂತಿದ್ದೆ. ಬಿಳಿಯರ ಪೇಟೆಗೆ ಹೋಗಲು ನಮ್ಮವರಿಗೆ ಪಾಸ್ ಬೇಕಿತ್ತು. ಅಪ್ಪನಲ್ಲಿ ಇರಲಿಲ್ಲ. ಪೊಲೀಸರು ನನ್ನ ಕೈ ಬಿಡಿಸಿ ಅವನನ್ನು ವ್ಯಾನಿಗೆ ಹತ್ತಿಸಿದರು. ತಿರುಗಿ ಬಂದವನು ಮೊದಲಿನ ಅಪ್ಪನಾಗಿರಲಿಲ್ಲ."

ಪೊಲೀಸ್ ಕಾರಿನಿಂದ ಕಣ್ಣು ತೆಗೆಯದೆ ಮುಂದುವರಿಸಿದಳು. "ತೊಂಬತ್ತನಾಲ್ಕರಲ್ಲಿ ನಮಗೂ ಮತದ ಹಕ್ಕು ಬಂತು. ಅಮ್ಮ ಹಾಡುತ್ತಾ ಸಾಲಿನಲ್ಲಿ ನಿಂತಳು. ಕಾವಲಿಗೆ ಅದೇ ಯೂನಿಫಾರ್ಮಿನವರು. ನಾನು ಓಡಿಬಿಟ್ಟೆ. ಆಮೇಲೂ ಹೋಗಲಾಗಲಿಲ್ಲ. ಪ್ರತಿ ಚುನಾವಣೆಗೂ ಅಮ್ಮ ಕೇಳುತ್ತಿದ್ದಳು. ಕಳೆದ ಕ್ರಿಸ್ಮಸ್ಸಿಗೆ ತೀರಿಕೊಂಡಳು."

ಕಿಟಕಿಯ ಮೇಲೆ ಟಕಟಕ ಸದ್ದು. ಪೊಲೀಸ್! ಸುಸನ್ ಗ್ಲಾಸು ಇಳಿಸಿದಳು.

"ನೋ ಪಾರ್ಕಿಂಗ್. ಯಲ್ಲಾ, ಯಲ್ಲಾ."

ಅಷ್ಟೇ. ಬೇಗ ಹೊರಡಿ ಎಂದು ಕೈ ಬೀಸಿ ಅವನು ಮುಂದೆ ಹೋದ. ಸುಸನ್ ಕಾರನ್ನು ಹಿಂದಿನ ಓಣಿಗೆ ಒಯ್ದು ನಿಲ್ಲಿಸಿದಳು. "ನನಗೂ ಹೆದರಿಕೆ ಆಗ್ತಾ ಉಂಟು. ಬಾ, ಹೆದರಿಕೊಂಡೇ ನಿಲ್ಲುವ."

ಸಾಲಿನಲ್ಲಿ ಮುಂದಿದ್ದ ಬಿಳಿಯ ಮುದುಕ ತನ್ನ ಕೊಡೆಯ ನೆರಳಿಗೆ ಕರೆದ. ತಂಡೇಕಾ ತಲೆಯಲ್ಲಾಡಿಸಿ ಬಿಸಿಲಲ್ಲೇ ನಿಂತಳು. ಅವಳ ಉಗುರು ಸುಸನ್‌ಳ ಮಣಿಕಟ್ಟಿಗೆ ನಾಟಿತ್ತು. ಗೇಟಿನಲ್ಲಿ ತಡೆದರು: ಮತದಾರರು ಮಾತ್ರ ಒಳಗೆ. ಬೇರೆ ದಾರಿಯಿರಲಿಲ್ಲ. ಸುಸನ್ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬಿಡಿಸುವಾಗ, ತಾನೂ ಆ ಪೊಲೀಸರ ಹಾಗೆಯೇ ಮಾಡುತ್ತಿದ್ದೇನೆಯೇ ಎಂದು ಅವಳಿಗೆ ಅನ್ನಿಸಿತು.

ಮುದುಕ ಹೊರಬಂದ. ಹಿಂದಿದ್ದವರೂ ಬಂದರು. ತಂಡೇಕಾ ಇಲ್ಲ. ಒಳಗೆ ಬಿದ್ದಳೇ? ಬೇರೆ ಬಾಗಿಲಿನಿಂದ ಓಡಿದಳೇ? ಫೋನಿನಲ್ಲಿ ಆಸ್ವಾಲ್ಡ್‌ನ ಕರೆ ಬಡಿದುಕೊಳ್ಳುತ್ತಿತ್ತು. ಸುಸನ್ ಎತ್ತಲಿಲ್ಲ.

ಕೊನೆಗೆ ಗೋಡೆ ಹಿಡಿದುಕೊಂಡು ತಂಡೇಕಾ ಬಂದಳು. ಹೆಬ್ಬೆರಳಿನಲ್ಲಿ ಶಾಯಿ.

"ಪೆನ್ನು ಕೆಳಗಿಟ್ಟೆ, ಮತ್ತೆ ಎತ್ತಿದೆ. ಎರಡು ಸಲ ಎದ್ದು ಬರಲು ನೋಡಿದೆ."

"ಹಾಕಿದೆಯಾ?"

"ಹಾಕಿದೆ."

ಅಷ್ಟು ಹೇಳಿದವಳೇ ಫುಟ್‌ಪಾತಿನ ಅಂಚಿನಲ್ಲಿ ಕುಸಿದು, ತನ್ನ ಭಾಷೆಯಲ್ಲಿ ಅಮ್ಮನನ್ನು ಕೂಗಿ ಕೂಗಿ ಅತ್ತಳು. ಜನ ತಿರುಗಿ ನೋಡಿದರು. ಪೊಲೀಸ್ ಕಾರು ಇನ್ನೂ ಅಲ್ಲೇ ಇತ್ತು. ಆದರೂ ಸುಸನ್ ಚೂಡಿದಾರಿನ ಅಂಚು ಎತ್ತಿಕೊಂಡು, ಆ ಕಾದ ಕಲ್ಲಿನ ಮೇಲೆ ಗೆಳತಿಯ ಪಕ್ಕದಲ್ಲಿ ಕೂತಳು.