ಗುಂಡನ ಬಾಲ

ಗುಂಡನಿಗೆ ಬಿಕ್ಕಳಿಕೆ ಹಿಡಿದು ಒಂಬತ್ತು ದಿನವಾಗಿತ್ತು. ಒಂದು ಸಲ ಬಿಕ್ಕಿದರೆ ಮೂಗಿನಿಂದ ಬಿಸಿ ಉಗಿ, ಮರುಸಲಕ್ಕೆ ಮಂಜಿನ ಪುಡಿ. ಕರುವಿನಷ್ಟು ಎತ್ತರ, ಮೀನಿನಂಥ ಹುರುಪೆ, ಮೈಗಿಂತ ಉದ್ದ ಬಾಲ. ಎಡಮೈಯಲ್ಲಿ ಬೆಂಕಿಯ ಮಾಯೆ, ಬಲಮೈಯಲ್ಲಿ ಹಿಮದ ಮಾಯೆ. ಇಂಥ ಪ್ರಾಣಿ ಊರಿಗೆಲ್ಲ ಒಂದೇ, ಅದೂ ಈ ಬೇಕರಿಯ ಅಡುಗೆಮನೆಯಲ್ಲಿ. ಬೇಕರಿಯವನು ಅದರ ಎಡ ಪಕ್ಕೆಗೆ ನಾದಿದ ಹಿಟ್ಟಿನ ಬೋಗುಣಿ ಒತ್ತಿಟ್ಟರೆ ಗಂಟೆಯೊಳಗೆ ಹಿಟ್ಟು ಉಬ್ಬುತ್ತಿತ್ತು. ಅವನ ಹೆಂಡತಿ ಬಲ ಪಕ್ಕೆಗೆ ಕೆನೆಯ ಪಾತ್ರೆ ಒತ್ತಿಟ್ಟರೆ ಕೆನೆ ಗಟ್ಟಿಯಾಗುತ್ತಿತ್ತು.

ತಿಂಗಳ ಕೆಳಗೆ ಗಂಡ ಜರಡಿ ಹಿಡಿಯುವಾಗ ಅವಳ ಕೆನೆಗೆ ಹಿಟ್ಟು ಬಿತ್ತು. ಹಿಂದೆ ನೂರು ಸಲ ಬಿದ್ದಿತ್ತು. ಆ ದಿನ ಮಾತ್ರ ಮಾತಿಗೆ ಮಾತು ಬೆಳೆಯಿತು. ಹಟದಲ್ಲಿ ಒಬ್ಬರನ್ನೊಬ್ಬರು ಮೀರಿಸುವವರು! ಸಂಜೆಯೊಳಗೆ ಅಡುಗೆಮನೆಯ ನಡುವೆ ಹಲಗೆಯ ಗೋಡೆ ಎದ್ದಿತು. ಗೋಡೆ ಗುಂಡನ ಬೆನ್ನ ಮೇಲೇ ಉದ್ದಕ್ಕೆ ಹಾಯುವಂತೆ ಹಲಗೆ ಕೊರೆದು, ಎಡಮೈ ಅವನಿಗೆ, ಬಲಮೈ ಇವಳಿಗೆ. ಆಸ್ತಿ ಪಾಲು ಮಾಡಿಕೊಂಡವರನ್ನು ನೋಡಿದ್ದೇವೆ. ಜೀವ ಇರುವ ಪ್ರಾಣಿಯನ್ನೇ ಪಾಲು ಮಾಡಿದ ಪುಣ್ಯಾತ್ಮರು ಇವರೇ ಮೊದಲು.

ಮಾಯಾಪ್ರಾಣಿಗಳ ಡಾಕ್ಟರು ಬಂದು ಎರಡೂ ಪಕ್ಕೆ ಮುಟ್ಟಿ ನೋಡಿದರು.

"ಒಳಗೆ ಎರಡೂ ಮಾಯೆ ಗುದ್ದಾಡ್ತಿವೆ. ಹೀಗೇ ಬಿಟ್ರೆ ಇನ್ನೆರಡು ದಿನ ಉಳಿಯಲ್ಲ. ಒಂದನ್ನ ತೆಗೆದುಬಿಡ್ತೀನಿ. ಆ ಕಡೆ ಮೈ ಮರಗಟ್ಟುತ್ತೆ, ಆದ್ರೆ ಜೀವ ಉಳಿಯುತ್ತೆ. ಯಾವುದು ತೆಗೀಲಿ?"

ಹೆಂಡತಿ ಗುಂಡನ ಬಲ ಪಕ್ಕೆಯನ್ನು ತಬ್ಬಿಕೊಂಡಳು. ಗುಂಡ ಮರಿಯಿದ್ದಾಗ ಬುಟ್ಟಿಯಲ್ಲಿಟ್ಟು ತಂದು ಸಾಕಿದವಳು ಅವಳೇ.

"ಬಿಸಿ ತೆಗೀರಿ ಡಾಕ್ಟ್ರೇ," ಹಲಗೆಯ ಆಚೆಯಿಂದ ಗಂಡನ ದನಿ ಬಂತು. "ನನ್ನ ಹಿಟ್ಟು ಒಲೆ ಪಕ್ಕದಲ್ಲಿಟ್ರೂ ಉಬ್ಬುತ್ತೆ. ಅವಳ ಕೆನೆಗೆ ಇವನೇ ಗತಿ."

ತಿಂಗಳಿಂದ ತುಟಿ ಪಿಟಕ್ಕೆನ್ನದ ಮನುಷ್ಯ! ಅವಳಿಗೆ ಕಣ್ಣು ತುಂಬಿ ಬಂತು. ಹಾಗಂತ ಸುಮ್ಮನಿರುವ ಜಾಯಮಾನ ಅವಳದಲ್ಲ.

"ನಿಮ್ಮ ದೊಡ್ಡಸ್ತಿಕೆ ಸಾಕು ಕಣ್ರೀ. ಡಾಕ್ಟ್ರೇ, ತಂಪೇ ತೆಗೀರಿ!"

"ನೀನು ಸುಮ್ನಿರೇ!"

"ನೀವು ಸುಮ್ನಿರಿ!"

"ಮೊದಲು ಈ ಹಲಗೆ ಕೀಳ್ರಪ್ಪಾ!" ಡಾಕ್ಟರು ರೇಗಿದರು. "ಇದನ್ನ ಮಲಗಿಸದೆ ನಾನು ಏನಂತ ತೆಗೀಲಿ?"

ಅವನು ಆ ಕಡೆಯಿಂದ, ಇವಳು ಈ ಕಡೆಯಿಂದ ಮೊಳೆ ಕಿತ್ತರು. ಕೊನೆಯ ಹಲಗೆ ಬಿದ್ದದ್ದೇ ತಡ, ಗುಂಡ ಡಾಕ್ಟರ ಸೂಜಿಗೆ ಕಾಯಲಿಲ್ಲ. ಗಿರ್ರನೆ ತಿರುಗಿ, ಬಾಲದ ತುದಿಯನ್ನು ಬಾಯಲ್ಲಿಟ್ಟುಕೊಂಡು, ಉಂಗುರದಂತೆ ಸುತ್ತಿ ಮಲಗಿದ. ಒಮ್ಮೆ ಬಿಕ್ಕಿದ. ಇನ್ನೊಮ್ಮೆ, ಸಣ್ಣಗೆ. ಆಮೇಲೆ ಗೊರಕೆ.

ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ! ಇವನು ಯಾವಾಗ್ಲೂ ಹೀಗೇ ಅಲ್ವೇನ್ರೀ ಮಲಗ್ತಿದ್ದಿದ್ದು! ಹಲಗೆ ಬಂದ ಮೇಲೆ ಪಾಪ, ತಿರುಗೋಕೇ ಆಗಿಲ್ಲ!"

ಡಾಕ್ಟರು ಪಕ್ಕೆ ಮುಟ್ಟಿ ನೋಡಿ ನಕ್ಕುಬಿಟ್ಟರು. "ಬಿಸಿ, ತಂಪು ಎರಡೂ ಮೈಯೆಲ್ಲ ಸುತ್ತಿ ಬರೋ ದಾರಿ ಈ ಬಾಲ. ನೀವು ದಾರಿಗೇ ಹಲಗೆ ಹೊಡೆದಿದ್ದೀರಲ್ರೀ!"

ಹಲಗೆಗಳು ಆ ದಿನವೇ ಒಲೆ ಸೇರಿದವು. ಮರುದಿನ ಬೆಳಿಗ್ಗೆ ಗಂಡ ಅಡುಗೆಮನೆಯ ಮೂಲೆಗೆ ಮುಖ ಮಾಡಿ, ಉಸಿರು ಬಿಗಿಹಿಡಿದು ಜರಡಿ ಹಿಡಿಯುತ್ತಿದ್ದ. ಹೆಂಡತಿ ಕೆನೆ ತಂದು ಗುಂಡನ ಬಲ ಪಕ್ಕೆಗೆ ಒತ್ತಿಟ್ಟಳು.

"ಅಷ್ಟು ದೂರ ಹೋಗಿ ಯಾಕ್ರೀ ಜರಡಿ ಹಿಡೀತೀರಾ?" ಎಂದಳು, ಕೆನೆಯ ಪಾತ್ರೆಯನ್ನು ಮುಚ್ಚದೆಯೇ. "ಈ ಕಡೆ ಬನ್ನಿ."