ಒಂದು ಕ್ಷಣ ಸುಮ್ಮನಿದ್ದು

ನಾನು ನಾಯಕಿಯ ಅಕ್ಕನಾಗಿ ನಟಿಸಿದ್ದ ಚಿತ್ರ ಶುಕ್ರವಾರ ಬಿಡುಗಡೆಯಾಯಿತು. ಥಿಯೇಟರ್ ಬಾಗಿಲಲ್ಲಿ ಮೈಕ್ ಹಿಡಿದು ಚಿತ್ರ ಹೇಗಿದೆ ಎಂದು ಕೇಳುವವರು ನಿಂತಿರುತ್ತಾರಲ್ಲ, ಅವರ ಮುಂದೆ ಹೇಗೆ ಮಾತಾಡಬೇಕೆಂದು ಗಂಡ ಮುನಿರಾಜುವಿಗೆ ವಾರವಿಡೀ ಕಲಿಸಿದ್ದೆ. ಕ್ಯಾಮೆರಾ ನೋಡಿ, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ "ಅಕ್ಕನ ಪಾತ್ರ ಮಾಡಿರೋ ಮೋನಿಷಾ ಸೂಪರ್" ಅನ್ನಬೇಕು.

ಕೆ.ಆರ್. ಪುರಂನಲ್ಲಿ ಭಾನುವಾರದ ಆಟಕ್ಕೆ ಇಪ್ಪತ್ತು ಜನವೂ ಇರಲಿಲ್ಲ. ಪರದೆಯ ಮೇಲೆ ನಾನು ಅತ್ತಾಗ ಹಿಂದಿನ ಸಾಲಿನವರು ನಕ್ಕರು. ಪಕ್ಕದಲ್ಲಿದ್ದ ಮುನಿರಾಜುವೂ ನಕ್ಕ.

ಹೊರಗೆ ಮೈಕ್ ಬಂತು. ಅವನು ಕ್ಯಾಮೆರಾ ನೋಡಿದ, ಒಂದು ಕ್ಷಣ ಸುಮ್ಮನಿದ್ದ.

"ಆ ಅಕ್ಕ ಅಳ್ತಾಳಲ್ಲ ಗುರು, ಅದನ್ನ ದಿನಾ ನೋಡೋ ಗಂಡ ಯಾವನೋ, ಅವನಿಗೆ ಕೈಮುಗೀಬೇಕು."

ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಮಾಸ್ಕ್ ಹಾಕಿಕೊಂಡು ನಾನು ಅಲ್ಲೇ ನಿಂತಿದ್ದೆ.

ಸೋಮವಾರ ಥಿಯೇಟರ್‌ನಿಂದ ಚಿತ್ರ ಎತ್ತಿದರು. ಅವನ ವಿಡಿಯೊವನ್ನು ಅಷ್ಟರಲ್ಲಿ ಮೂರು ಲಕ್ಷ ಜನ ನೋಡಿದ್ದರು. ನಾನು ಊಟಕ್ಕೆ ಬಡಿಸುವಾಗ ಅವನು ಫೋನನ್ನು ನನ್ನ ಮುಖಕ್ಕೆ ಹಿಡಿದ.

"ನೀನು ಹೇಳ್ಕೊಟ್ಟಿದ್ದೇ ಕಣೆ, ಆ ಗ್ಯಾಪ್ ಕೊಟ್ಟಿದ್ದಕ್ಕೇ ವರ್ಕ್ ಆಯ್ತು. ಮುಂದಿನ ವಾರದ ಪಿಕ್ಚರ್‌ಗೂ ಆ ಮೈಕ್‌ನೋರು ಕರೆದಿದಾರೆ. ಏನ್ ಹೇಳ್ಲಿ, ಹೇಳ್ಕೊಡು."

ಅಳು ಬಂತು. ಅವನು ನೋಡುತ್ತಿದ್ದ. ನುಂಗಿಕೊಂಡೆ.